ಬಲಕ್ಕೆ ವಾಲಿದ ಸೀಟು

ನವೆಂಬರ್ 4, ಸೋಮವಾರ. ಇಂಡಿ

ಶ್ರೀಮದ್ ಅಖಿಲ ಇಂಡಿ ತಾಲೂಕಾ ದ್ವಿಚಕ್ರ ಚಕ್ರವರ್ತಿ, ಧೂಮಧ್ವಜ, ಗರ್ಜನಭೈರವ, ಸಾವಿರದ ಒಂಬೈನೂರಾ ಎಂಬತ್ನಾಲ್ಕನೇ ಇಸವಿಯಲ್ಲಿ ಅವತರಿಸಿ ಇಂದಿಗೂ ಗುಡುಗುತ್ತಿರುವ ಬುಲೆಟ್ ಮಹಾರಾಜರ ದಿವ್ಯ ಚಕ್ರಗಳ ಸನ್ನಿಧಾನಕ್ಕೆ,

ಅರ್ಜಿದಾರ: ಕಲ್ಮೇಶ ತಂದೆ ಖಂಡೆಪ್ಪ ಅಗರಖೇಡ, ವಯಸ್ಸು ಇಪ್ಪತ್ನಾಲ್ಕು. ಉದ್ಯೋಗ: ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಊರವರ ಅರ್ಜಿ ಟೈಪ್ ಮಾಡುವುದು.

ವಿಷಯ: ತಮ್ಮ ಮೇಲೆ ನೋವಿಲ್ಲದೆ ಕೂಡ್ರಲು ಅನುಮತಿ ಕೋರಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಮೊದಲು ಸಾಷ್ಟಾಂಗ ನಮಸ್ಕಾರ. ಸೊಂಟ ಬಗ್ಗುತ್ತಿಲ್ಲವಾದ್ದರಿಂದ ನಿಂತೇ ಹಾಕಿದ್ದೇನೆ, ಮನ್ನಿಸಬೇಕು. ತಮ್ಮ ಹಿಂದಿನ ಸವಾರ, ನನ್ನ ಅಣ್ಣ ಸಿದ್ದಲಿಂಗ, ಆರಡಿ ಮನುಷ್ಯ. ಹ್ಯಾಂಡಲ್ಲು, ಫುಟ್‌ರೆಸ್ಟು, ಬ್ರೇಕಿನ ಹಿಡಿ ಎಲ್ಲವನ್ನೂ ತಾನೇ ಪಾನಾ ಹಿಡಿದು ನಟ್ಟು ಸಡಿಲಿಸಿ ತನ್ನ ಕೈಕಾಲಿನ ಉದ್ದಕ್ಕೆ ಹೊಂದಿಸಿಕೊಂಡಿದ್ದ. ಅರ್ಜಿದಾರನು ಐದಡಿ ನಾಲ್ಕಿಂಚು, ಅದೂ ಕೂದಲು ಸೇರಿ. ಹನ್ನೊಂದು ತಿಂಗಳಾದ ಮೇಲೆ ಇಂದು ತಮ್ಮನ್ನು ಹೊರಗೆ ತೆಗೆದು ಸ್ಟೇಶನ್ ರೋಡಿನವರೆಗೆ ಹೋಗಿ ಬಂದೆ. ತಮ್ಮ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗಳಿಗೆ ತದ್ವಿರುದ್ಧ. ಗೇರು ಹಾಕಲು ಹೋಗಿ ಎರಡು ಸಲ ಬ್ರೇಕು ತುಳಿದೆ, ಅದೂ ಲಿಂಬೆ ಬಜಾರಿನ ಎದುರು, ಅಪ್ಪನ ಗೆಳೆಯರೆಲ್ಲ ಸಾಲಾಗಿ ಕುಳಿತಿದ್ದಾಗ. ಮನೆಗೆ ಬಂದಾಗ ಮಣಿಕಟ್ಟು, ಮೊಣಕಾಲು, ಸೊಂಟ ಮೂರೂ ರಾಜೀನಾಮೆ ಕೊಟ್ಟಿದ್ದವು.

ಈ ಸಾಹಸಕ್ಕೆ ಕಾರಣವನ್ನು ದಾಖಲೆಗಾಗಿ ಬರೆದಿಡುತ್ತೇನೆ. ಅಣ್ಣ ಊರೂರು ತಿರುಗಿ ದನಗಳಿಗೆ ಸೂಜಿ ಹಾಕುವ ಸರಕಾರಿ ನೌಕರ. ಕಳೆದ ಡಿಸೆಂಬರಿನಲ್ಲಿ ಹಲಸಂಗಿಯ ಒಬ್ಬ ರೈತರ ಕೊಟ್ಟಿಗೆಯಲ್ಲಿ ಎಮ್ಮೆಗೆ ಸೂಜಿ ಹಾಕಿ, ಕೈ ತೊಳೆದುಕೊಳ್ಳಲು ನೀರು ಕೇಳಿ, ನೀರು ಬರುವಷ್ಟರಲ್ಲಿ ಹೋದ. ಹಾರ್ಟ್ ಅಂದರು. ಮೂವತ್ತೇಳು ವರ್ಷ. ಅವನ ಬದಲಿಗೆ ಅವನ ಹೆಂಡತಿಗೆ, ಅಂದರೆ ನನ್ನ ವೈನಿಗೆ, ಅನುಕಂಪದ ಮೇಲೆ ನೌಕರಿಯ ಆದೇಶ ಬಂದಿದೆ. ನಾವು ಕೇಳಿದ್ದು ಇಂಡಿ, ಬಂದದ್ದು ಬಸವನ ಬಾಗೇವಾಡಿ. ಅಲ್ಲಿ ವೈನಿಗೆ ಗುರುತಿನ ನಾಯಿಯೂ ಇಲ್ಲ. ಅವರ ತವರು ಸಿಂದಗಿ ಕಡೆಯ ಯಂಕಂಚಿ. ಮೇಲೆ ಕುಳಿತವರಿಗೆ ಕಣ್ಣಿಲ್ಲ, ಕಿವಿಯಿಲ್ಲ, ನಕಾಶೆಯೂ ಇಲ್ಲ ಎಂದು ನಾನು ಮನೆಯ ಅಂಗಳದಲ್ಲಿ ನಿಂತು ಅರ್ಧ ಗಂಟೆ ಭಾಷಣ ಮಾಡಿದೆ. ಇಪ್ಪತ್ತನೇ ತಾರೀಖಿನೊಳಗೆ ಹಾಜರಾಗದಿದ್ದರೆ ಆದೇಶ ರದ್ದು.

ವೈನಿ ಭಾಷಣ ಕೇಳಿ ಮುಗಿಸಿ ಒಂದೇ ಮಾತು ಹೇಳಿದರು. "ಯಂಕಂಚಿಯಿಂದ ಈ ಮನಿಗಿ ಅವರ ಗಾಡಿ ಮ್ಯಾಲೆ ಬಂದೇನಿ ಕಲ್ಮೇಶ. ಈ ಮನಿ ಬಿಟ್ಟು ಹೋಗೂದು ಬಸ್ಸಿನ್ಯಾಗ ಆಗೂದಿಲ್ಲ ನನಗ."

ಅಂದರೆ: ನನಗೆ ತಮ್ಮ ಮೇಲೆ ಕೂಡ್ರಲು ಬಂದರೆ ವೈನಿ ಹೋಗುತ್ತಾರೆ. ಬಾರದಿದ್ದರೆ ಅವರ ನೌಕರಿ ಹೋಗುತ್ತದೆ.

ತಾವು ದಯಾಮಯರು. ಸೂಕ್ತ ಕ್ರಮ ಕೈಗೊಳ್ಳಬೇಕು.

ನವೆಂಬರ್ 5

ಮಾನ್ಯರೇ, ಇಂದು ಅಂಗಳದಲ್ಲೇ ಸ್ಟ್ಯಾಂಡ್ ಹಾಕಿ ನಡೆಸಿದ ಪ್ರಯೋಗಗಳ ವರದಿ.

ಮೊದಲು ಬೀಗರಾಸನ: ಬೀಗರ ಮನೆಯ ಹೊರಸಿನ ತುದಿಗೆ ಅರ್ಧ ಕುಂಡೆ ಊರಿ ಕುಳಿತಂತೆ, ಮುಂದೆ ಸರಿದು ಟ್ಯಾಂಕಿಗೆ ಅಂಟಿಕೊಳ್ಳುವುದು. ಹ್ಯಾಂಡಲ್ಲು ಸಿಗುತ್ತದೆ, ಮರ್ಯಾದೆ ಹೋಗುತ್ತದೆ. ಎರಡನೆಯದು ಸಾಹೇಬಾಸನ: ಹಿಂದೆ ಒರಗಿ ಎದೆ ಉಬ್ಬಿಸುವುದು. ಮರ್ಯಾದೆ ಉಳಿಯುತ್ತದೆ, ಹ್ಯಾಂಡಲ್ಲು ಸಿಗುವುದಿಲ್ಲ. ಮೂರನೆಯದು ತಲೆದಿಂಬಾಸನ. ಅಡುಗೆಮನೆಯ ಕಿಟಕಿಯಿಂದ ವೈನಿ ನೋಡುತ್ತಿದ್ದರು. ತಲೆದಿಂಬು ಜಾರಿತು, ತಲೆದಿಂಬಿನೊಂದಿಗೆ ಅರ್ಜಿದಾರನೂ ಜಾರಿ ತುಳಸಿಕಟ್ಟೆಗೆ ಒರಗಿ ನಿಂತ. ನಿಂತದ್ದೇ ಗಂಟಲು ಸರಿಮಾಡಿಕೊಂಡು, ಇದು ನಾಲ್ಕನೇ ಆಸನ, ಇದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ ಎಂದು ಘೋಷಿಸಿದೆ.

ವೈನಿ ನಕ್ಕರು. ಸೆರಗು ಬಾಯಿಗೆ ಹಿಡಿದು, ಆದರೂ ಶಬ್ದ ಹೊರಗೆ ಬಂತು. ಡಿಸೆಂಬರಿನಿಂದ ಈಚೆಗೆ ಇದೇ ಮೊದಲು. ಗಡಿಯಾರ ನೋಡಿದೆ: ಬೆಳಗಿನ ಹತ್ತು ಇಪ್ಪತ್ತು.

ಅವ್ವ ಹೋದಾಗ ನನಗೆ ಒಂಬತ್ತು. ವೈನಿ ಬಂದಾಗ ಹದಿಮೂರು. ಮದುವೆಯ ಮರುದಿನ ಅವರ ಚಹಾದಲ್ಲಿ ಉಪ್ಪು ಹಾಕಿದ್ದೆ. ಮುಖ ಕಿವುಚದೆ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಿನ್ನ ಲೋಟದಲ್ಲೂ ಅದೇ ಚಹಾ ಇದೆ ಎಂದರು. ಇತ್ತು.

ನವೆಂಬರ್ 7

ಹ್ಯಾಂಡಲ್ಲನ್ನು ಎರಡಿಂಚು ಕೆಳಗಿಳಿಸಿ ನನ್ನ ಕಡೆ ತಿರುಗಿಸಿಕೊಂಡರೆ ಮಣಿಕಟ್ಟಿನ ಪ್ರಕರಣ ಇತ್ಯರ್ಥವಾಗುತ್ತದೆ. ಪಾನಾ ತೆಗೆದುಕೊಂಡು ಕುಳಿತೆ. ಅಪ್ಪ ಬಜಾರಿನಿಂದ ಆಗ ತಾನೇ ಬಂದಿದ್ದ. ಅಂಗಿಯಿಂದ ಲಿಂಬೆಹಣ್ಣಿನ ವಾಸನೆ. ಅಣ್ಣ ಹೋದಾಗಿನಿಂದ ಅಪ್ಪ ಮನೆಯಲ್ಲಿ ಆಡುವ ಮಾತು ಉಪ್ಪಿನಕಾಯಿಯಷ್ಟು, ಊಟಕ್ಕೊಂದು ಹೋಳು.

"ಅದನ್ನ ಇಳಸಬ್ಯಾಡ," ಅಂದ.

ನನ್ನ ಕೈ ನಿಲುಕುವುದಿಲ್ಲ ಎಂದೆ.

"ನಿಲುಕಲಿಲ್ಲಂದ್ರ ನಿಲುಕಿಸ್ಕೊ."

ಒಳಗೆ ಹೋದ. ಪಾನಾ ತಿರುಗಿ ಪೆಟ್ಟಿಗೆಗೆ. ಮಾನ್ಯರ ಹ್ಯಾಂಡಲ್ಲು ಯಥಾಸ್ಥಿತಿ.

ನವೆಂಬರ್ 9. ಸಿಂದಗಿ

ಸೊಂಟದ ಬಲಭಾಗ ಮಾತ್ರ ನೋಯುತ್ತದೆ, ಎಡಭಾಗಕ್ಕೆ ಏನೂ ಇಲ್ಲ. ಅರ್ಜಿದಾರನಿಗೆ ಇದು ಪಕ್ಷಪಾತ ಎನಿಸಿತು. ಹಳೆಯ ಬುಲೆಟ್ ನೋಡುವವರಲ್ಲಿ ಸಿಂದಗಿಯ ಅಯೂಬ ಮಿಸ್ತ್ರಿ ಹೆಸರಾದವರು ಎಂದು ಕೇಳಿ, ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಬೀಗರಾಸನದಲ್ಲೇ ಹೋದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿದೆ. ನೋಡಲು ಕುತ್ತಿಗೆ ತಿರುಗಲಿಲ್ಲ.

ಅಯೂಬ ಮಿಸ್ತ್ರಿಗೆ ಐವತ್ತರ ಮೇಲಿದೆ. ಅಣ್ಣನನ್ನು ಕಂಡವರಲ್ಲ. ನನ್ನ ಸೊಂಟದ ಪುರಾಣವನ್ನು ಕೇಳುವ ಗೋಜಿಗೇ ಹೋಗದೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ನೋಡಿದರು. ತಮ್ಮದು ಈಗಿನ ಉದ್ದ ಸೀಟಲ್ಲವಲ್ಲ. ಸವಾರನಿಗೆ ಬೇರೆ ಚರ್ಮದ ಸೀಟು, ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗು. ಮಿಸ್ತ್ರಿ ಎರಡೂ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿದರು.

"ಬಲಗಡಿದು ಕುಂತ ಬಿಟ್ಟೈತಿ. ಗಾಡಿ ಹೊಡಿತಿದ್ದವರು ಒಬ್ಬರೇ ತಿರಗತಿದ್ದಿಲ್ಲ ಬಿಡ್ರಿ. ಹಿಂದ ಹೆಣಮಕ್ಕಳು ಕೂಡತಿದ್ರು, ಎಡಕ್ಕ ಕಾಲ ಇಳಿಬಿಟ್ಟು."

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಅವರ ತೂಕಾ ಎಡಕ್ಕ ಬೀಳತೈತಿ. ಗಾಡಿ ನೆಟ್ಟಗ ಹೋಗಬೇಕಂದ್ರ ಮುಂದಿನವ ಬಲಕ್ಕ ಭಾರ ಹಾಕಬೇಕು. ಒಂದ ದಿನಾ ಎರಡ ದಿನಾ ಅಲ್ಲ, ಹತ್ತ ವರ್ಷರೆ ಹಾಕ್ಯಾರ. ಈಗ ನೀವು ಒಬ್ಬರೇ ಕೂಡತೀರಿ, ಹಿಂದ ಯಾರೂ ಇಲ್ಲ, ಅದಕ್ಕ ಬಲಕ್ಕ ಸುರೀತೀರಿ."

ಹೊಸ ಸ್ಪ್ರಿಂಗು ಹಾಕಿಬಿಡುತ್ತೇನೆ, ಅರ್ಧ ತಾಸಿನ ಕೆಲಸ ಎಂದರು. ಹಾಕಲು ಹೋದಾಗ ನಾನು ಸೀಟಿನ ಮೇಲೆ ಕೈಯಿಟ್ಟೆ. ಯಾಕೆ ಇಟ್ಟೆನೋ. ಮಿಸ್ತ್ರಿ ನನ್ನ ಮುಖ ನೋಡಿ, ಗಾಡಿ ಯಾರದು ಎಂದು ಕೇಳಿದರು. ಹೇಳಿದೆ. ಪಾನಾ ಒರೆಸಿ ಒಳಗಿಟ್ಟು, ಮುದ್ದೇಬಿಹಾಳದಲ್ಲಿ ಮಲಿಕಸಾಬ ಅಂತ ಒಬ್ಬ ಮುದುಕರಿದ್ದಾರೆ, ಚರ್ಮದ ಸೀಟು ಕೈಯಲ್ಲೇ ಹೊಲಿಯುವವರು, ಅವರ ಹತ್ತಿರ ಹೋಗಿ ಎಂದರು.

ನವೆಂಬರ್ 10

ವೈನಿಗೆ ಸ್ಪ್ರಿಂಗಿನ ಸಂಗತಿ ಹೇಳಿಲ್ಲ.

ನವೆಂಬರ್ 11

ವೈಜ್ಞಾನಿಕ ಪ್ರಯೋಗ. ಅಪ್ಪನ ಅಂಗಡಿಯಿಂದ ಒಂದು ಚೀಲ ಲಿಂಬೆಹಣ್ಣು ತಂದು, ಹಿಂದಿನ ಸೀಟಿನ ಎಡಗಡೆಗೆ ಇಳಿಬಿಟ್ಟು ಕಟ್ಟಿದೆ. ಸದರಿ ಚೀಲವನ್ನು ವೈನಿಯವರ ಅಧಿಕೃತ ಪ್ರತಿನಿಧಿ ಎಂದು ನೇಮಿಸಲಾಯಿತು. ಅಗರಖೇಡದ ದಾರಿ ಹಿಡಿದೆ.

ಮಿಸ್ತ್ರಿ ಹೇಳಿದ್ದು ಖರೆ. ಊರು ದಾಟುವ ಮೊದಲೇ ಸೀಟು ನೆಟ್ಟಗಾಯಿತು. ಬಲಕ್ಕೆ ಒಂದಿಷ್ಟು ಭಾರ ಕೊಟ್ಟರೆ ಸಾಕು, ಬೆನ್ನು ತಾನೇ ನೇರವಾಗುತ್ತದೆ, ಭುಜ ಇಳಿಯುತ್ತದೆ. ವಿಚಿತ್ರವೆಂದರೆ, ಭುಜ ಇಳಿದ ಮೇಲೆ ಹ್ಯಾಂಡಲ್ಲೂ ನಿಲುಕಿತು. ನಾನು ಇಷ್ಟು ದಿನ ಹ್ಯಾಂಡಲ್ಲನ್ನು ಜೋತುಬಿದ್ದವನಂತೆ ಹಿಡಿದಿದ್ದೆ. ಅಣ್ಣ ಬೆರಳಲ್ಲಿ ಹಿಡಿಯುತ್ತಿದ್ದ. ದಾರಿಯಲ್ಲಿ ಒಬ್ಬ ಹಿರಿಯರು ಚೀಲದಲ್ಲಿ ಏನು ಎಂದು ಕೂಗಿ ಕೇಳಿದರು. ನಮ್ಮ ಬೀಗತಿ, ಸ್ವಲ್ಪ ಹುಳಿ ಸ್ವಭಾವ ಎಂದೆ.

ಅಗರಖೇಡಕ್ಕೆ ಇನ್ನೂ ಒಂದು ಹರದಾರಿ ಇರುವಾಗ ದೊಡ್ಡದೊಂದು ತಗ್ಗು ಕಂಡಿತು. ನಾನು ಹಿಂದೆ ತಿರುಗದೆ, "ವೈನಿ, ಗಟ್ಟಿ ಹಿಡ್ಕೋರಿ," ಅಂದೆ.

ಅಣ್ಣ ವೈನಿಗೆ ಹಾಗೇ ಹೇಳುತ್ತಿದ್ದ, ವಿದ್ಯಾ, ಗಟ್ಟಿ ಹಿಡ್ಕೊ ಅಂತ. ಟ್ಯಾಂಕಿನ ಮೇಲೆ ಕುಳಿತು ಬರುತ್ತಿದ್ದ ಹದಿಮೂರರ ನನಗೆ ಕೇಳಿಸುತ್ತಿತ್ತು.

ತಗ್ಗಿನಲ್ಲಿ ಚೀಲ ಹರಿದು ಲಿಂಬೆಹಣ್ಣು ರಸ್ತೆಯ ತುಂಬ ಉರುಳಿದವು. ಆರಿಸಲು ಕುಳಿತವನು ಬಹಳ ಹೊತ್ತು ಏಳಲಿಲ್ಲ. ಕಣ್ಣಿಗೆ ಲಿಂಬೆ ರಸ ಸಿಡಿದಿತ್ತು ಎಂದು ದಾಖಲಿಸಲಾಗಿದೆ.

ನವೆಂಬರ್ 13. ಮುದ್ದೇಬಿಹಾಳ

ಸೀಟು ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕೂಸಾ ಎಂದು ಕೇಳಿದ ಕಂಡಕ್ಟರಿಗೆ, ಹೌದು, ನಲವತ್ತು ವರ್ಷದ್ದು, ಅರ್ಧ ಟಿಕೀಟು ಕೊಡಿ ಎಂದೆ. ಅವರು ನಗಲಿಲ್ಲ.

ಮಲಿಕಸಾಬ ಅಜ್ಜನವರು ಟಾಂಗಾ ಓಡುತ್ತಿದ್ದ ಕಾಲಕ್ಕೆ ಕುದುರೆಯ ಜೀನು ಹೊಲಿಯುತ್ತಿದ್ದವರು. ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು. ಚರ್ಮ ಮೆಟ್ಟಿನಂತೆ, ಹಾಕಿಕೊಂಡವನ ಮೈ ಕಲಿಯುತ್ತದೆ ಎಂದರು. ಹೊಸ ಚರ್ಮ ಎಳೆದರೆ ಈ ಕಲಿತದ್ದೆಲ್ಲ ಹೋಗುತ್ತದೆಯಂತೆ. ಆಮೇಲೆ ಕೇಳಿದರು:

"ಇದು ಒಬ್ಬರು ಓಡಸೂದಕ್ಕೋ, ಇಬ್ಬರು ಕೂಡೂದಕ್ಕೋ? ಅದನ್ನ ಹೇಳು ಮದಲ. ಹೊಲಿಗಿ ಬ್ಯಾರೆ ಬ್ಯಾರೆ ಆಗತೈತಿ."

ಸುಲಭದ ಪ್ರಶ್ನೆ. ನಾನು ಗೋಣಿತಾಟು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ. ಕೊನೆಗೆ, "ಇಪ್ಪತ್ತನೇ ತಾರೀಖಿನ ಮಟಾ ಇಬ್ಬರ್ರಿ ಅಜ್ಜಾರ," ಅಂದೆ.

"ಆಮ್ಯಾಲ?"

"ಆಮ್ಯಾಲ ಒಬ್ಬನ."

ಅಜ್ಜನವರು ಎಣ್ಣೆಯ ಡಬ್ಬಿ ಎಳೆದುಕೊಂಡರು. ಚರ್ಮಕ್ಕೆ ಕೈ ಹಚ್ಚಲಿಲ್ಲ, ಎಣ್ಣೆ ಮಾತ್ರ ತಿಕ್ಕಿದರು. ದಪ್ಪ ಕಂಬಳಿಯ ತುಂಡನ್ನು ಒಂದು ಬದಿ ದಪ್ಪ, ಒಂದು ಬದಿ ತೆಳ್ಳಗೆ ಬರುವಂತೆ ಮಡಿಸಿ ಹೊಲಿದು, ಪಟ್ಟಿ ಹಚ್ಚಿ, ಪುಟ್ಟ ಮೆತ್ತೆ ಮಾಡಿಕೊಟ್ಟರು. ಇಬ್ಬರಿರುವವರೆಗೆ ಇದು ಚೀಲದಲ್ಲಿರಲಿ. ಒಬ್ಬನೇ ತಿರುಗಿ ಬರುವಾಗ ಸೀಟಿನ ಬಲಕ್ಕೆ ಕಟ್ಟಿಕೊ ಎಂದರು.

ಬಸ್ಸಿನಲ್ಲಿ ಬರುವಾಗ ಸೀಟು ಭಾರವಾಗಲಿಲ್ಲ. ಆ ಮೆತ್ತೆ ಭಾರವಾಯಿತು.

ನವೆಂಬರ್ 15. ಹಲಸಂಗಿ

ದೂರ ಹೋಗುವ ಮೊದಲು ಒಮ್ಮೆ ರೂಢಿ ಮಾಡೋಣ ಎಂದೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ ವೈನಿ, ಹಲಸಂಗಿಗೆ ಎಂದರು.

ಅವರು ಕುಳಿತರು. ಎಡಕ್ಕೆ ಕಾಲು ಇಳಿಬಿಟ್ಟು, ಸೆರಗು ಸುತ್ತಿಕೊಂಡು. ಸೀಟು ನೆಟ್ಟಗಾಯಿತು. ನಾನು ಲಿಂಬೆಯ ಚೀಲದ ಬಗ್ಗೆ ಒಂದು ಒಳ್ಳೆಯ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಹೇಳಲಿಲ್ಲ.

ಕೊಟ್ಟಿಗೆಯ ಮುಂದೆ ವೈನಿ ಐದು ನಿಮಿಷ ನಿಂತರು. ಆ ಮನೆಯವರು ಒಳಗೆ ಕರೆದರು, ಹೋಗಲಿಲ್ಲ. ನೀರು ಕೊಟ್ಟರು, ವೈನಿ ಕುಡಿಯದೆ ಅಲ್ಲೇ ಮಣ್ಣಿನ ಮೇಲೆ ನಿಧಾನವಾಗಿ ಸುರಿದು, ತಂಬಿಗೆ ತಿರುಗಿ ಕೊಟ್ಟರು.

ಬರುವಾಗ ನಾನು ಸ್ಪ್ರಿಂಗಿನ ಸಂಗತಿ ಹೇಳಿದೆ. ವೈನಿಯ ಕೈ ನನ್ನ ಸೀಟಿನ ಅಂಚು ಹಿಡಿಯಿತು. ಆಮೇಲೆ:

"ಹತ್ತ ವರ್ಷ ಹಿಂಗ ಬಲಕ್ಕ ವಾಲಿ ಹೊಡದಾರಂದ್ರ ಅವರ ಸೊಂಟ ನೋಯತಿದ್ದಿಲ್ಲೇನು?"

"ನೋಯತಿರಬೇಕ್ರಿ."

"ಒಮ್ಮಿನೂ ಹೇಳಲಿಲ್ಲ ನೋಡು, ಒಂಚೂರು ಸರದ ಕೂಡು ಅಂತ."

ನನ್ನ ಅಂಗಿಯ ಬೆನ್ನು ಒದ್ದೆಯಾಯಿತು. ಗಾಡಿ ನೆಟ್ಟಗೆ ಓಡಿಸಿದೆ. ಅದೊಂದೇ ನನ್ನ ಕೈಯಲ್ಲಿದ್ದದ್ದು.

ನವೆಂಬರ್ 17

ವೈನಿ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತಿದ್ದಾರೆ. ಜೀರಿಗೆ, ಅಜವಾನ, ಅಪ್ಪನ ಬಿಪಿ ಗುಳಿಗೆ. ಇಂಥ ಕೆಲಸಕ್ಕೆ ನನ್ನನ್ನು ಕರೆಯದೆ ಇದ್ದದ್ದು ಇದೇ ಮೊದಲು. ಕರೆದಿದ್ದರೆ ಉಪ್ಪಿಗೆ ಸಕ್ಕರೆಯ ಚೀಟಿ ಹಚ್ಚುತ್ತಿದ್ದೆ. ಬಹುಶಃ ಹಚ್ಚುತ್ತಿರಲಿಲ್ಲ.

ನವೆಂಬರ್ 19. ಬಸವನ ಬಾಗೇವಾಡಿ, ಇಂಡಿ

ಸಾಮಾನು ನಿನ್ನೆಯೇ ಟೆಂಪೋದಲ್ಲಿ ಹೋಗಿತ್ತು. ಬೆಳಿಗ್ಗೆ ಏಳಕ್ಕೆ ಹೊರಟೆವು. ವೈನಿ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದರು. ಅಪ್ಪ ಒಂದು ಕೈಚೀಲ ಲಿಂಬೆಹಣ್ಣು ಕೊಟ್ಟ, ಹಸಿರಾದವನ್ನೇ ಆರಿಸಿದ್ದು, ಬೇಗ ಕೆಡಬಾರದೆಂದು. ವೈನಿ ಕುಳಿತ ಮೇಲೆ ಬಂದು ಹ್ಯಾಂಡಲ್ಲಿನ ಮೇಲಿದ್ದ ನನ್ನ ಕೈ ನೋಡಿದ. "ನಿಲುಕೈತಲ್ಲ," ಅಂದ. ವೈನಿಗೆ, "ಶನಿವಾರಕ್ಕ ಬಾರವಾ," ಅಂದ. ಹೋಗಿ ಒಳಗೆ ಕುಳಿತ.

ತೊಂಬತ್ತು ಕಿಲೋಮೀಟರು. ಎಲ್ಲೂ ನೋವಿಲ್ಲ. ಬೆನ್ನು ನೇರ, ಭುಜ ಇಳಿದಿದೆ, ಹ್ಯಾಂಡಲ್ಲು ಬೆರಳಲ್ಲಿ. ಜೋಳ ಮೊಣಕಾಲೆತ್ತರಕ್ಕೆ ಬಂದಿದೆ. ದೇವರಹಿಪ್ಪರಗಿಯಲ್ಲಿ ಚಹಾ. ಇಷ್ಟು ಒಳ್ಳೆಯ ಸವಾರಿ ನನ್ನ ಜೀವನದಲ್ಲಿ ಮಾಡಿಲ್ಲ. ಒಂದೊಂದು ಮೈಲಿಗಲ್ಲು ಬಂದಾಗಲೂ ಗಾಡಿ ಕೆಡಲಿ ಅಂದುಕೊಂಡೆ. ಕೆಡಲಿಲ್ಲ.

ಕಚೇರಿಯಲ್ಲಿ ಹಾಜರಿಯ ಕಾಗದ ಬರೆಸಿಕೊಂಡ ಗುಮಾಸ್ತರು ಹಸನ್ಮುಖಿ. ಕಡತ ತಿರುವುತ್ತಾ, ಕೇಳಿದ ಊರು ಸಿಗುವುದು ಎಷ್ಟೋ ಜನಕ್ಕೆ ಇಲ್ಲ, ನೀವು ನಸೀಬವಂತರು ಎಂದರು. ವೈನಿ, ನಾವು ಕೇಳಿದ್ದು ಇಂಡಿ ಎಂದರು. ಗುಮಾಸ್ತರು ಹುಬ್ಬು ಗಂಟಿಕ್ಕಿ ಹಾಳೆ ಹುಡುಕಲು ಹೊರಟಾಗ, ನಾನು ಮೇಜಿನ ಮೇಲಿನ ಮಸಿಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಹಣೆಗೆ ಹಚ್ಚಿಕೊಂಡು, ಸಾಹೇಬರೇ, ನನ್ನನ್ನೂ ಹಾಜರು ಮಾಡಿಕೊಳ್ಳಿ ಎಂದೆ. ಎಲ್ಲರೂ ನಕ್ಕರು. ಕಡತ ಮುಚ್ಚಿತು. ವೈನಿ ಮಾತ್ರ ಸೆರಗಿನ ತುದಿಯಿಂದ ನನ್ನ ಹಣೆ ಒರೆಸಿ, "ಯಾವಾಗ ದೊಡ್ಡಾವ ಆಗತಿ ನೀ," ಅಂದರು.

ಬಾಡಿಗೆ ಕೋಣೆ ಒಂದೇ ಕಿಟಕಿಯದು. ಮಂಚದ ಕಾಲಿಗೆ ಕಾಗದ ಮಡಿಸಿ ಕೊಟ್ಟು, ಬಲ್ಬು ಹಾಕಿ, ಇನ್ನು ಮಾಡಲು ಏನೂ ಉಳಿಯದಿದ್ದಾಗ ಹೊರಗೆ ಬಂದೆ. ವೈನಿ ಹಿಂದೆ ಬಂದು ಗಾಡಿಯ ಚೀಲದಿಂದ ಮೆತ್ತೆ ತೆಗೆದರು. ಮುದ್ದೇಬಿಹಾಳದ ಸಂಗತಿ ಅವರಿಗೆ ಹೇಳಿದ್ದೆ. ಬಲಕ್ಕೆ ದಪ್ಪ ಬದಿ ಬರುವಂತೆ ಇಟ್ಟು, ಪಟ್ಟಿ ಬಿಗಿದು, ಕೈಯಿಂದ ಎರಡು ಸಲ ತಟ್ಟಿ ನೋಡಿದರು, ನನ್ನನ್ನು ಸಾಲಿಗೆ ಕಳಿಸುವಾಗ ಪಾಟೀಚೀಲ ತಟ್ಟುತ್ತಿದ್ದಂತೆ.

"ಕೂಡು. ನೆಟ್ಟಗಾತೇನು?"

"ಆತ್ರಿ."

"ಹಂಗಾದ್ರ ಹೋಗಿ ಬಾ. ಬೆಳಕ ಇರಾಗ ಮುಟ್ಟು."

ನೆಟ್ಟಗೇ ಇತ್ತು. ಅಜ್ಜನವರ ಹೊಲಿಗೆಯಲ್ಲಿ ಒಂದು ನೂಲಿನ ತಪ್ಪಿಲ್ಲ. ಆದರೂ ದಾರಿಯುದ್ದಕ್ಕೂ ತಗ್ಗು ಬಂದಾಗಲೆಲ್ಲ ನಾನು ನಿಧಾನ ಮಾಡಿದೆ, ಹಿಂದಿನವರಿಗೆ ಹೊಡೆತ ಬೀಳಬಾರದೆಂದು. ಬೆಳಕು ಇರುವಾಗಲೇ ಮುಟ್ಟಿದೆ. ಅಪ್ಪ ಮೂರು ತಾಟು ಹಾಕಿದ್ದ. ಒಂದನ್ನು ತಾನೇ ಎತ್ತಿ ಒಳಗಿಟ್ಟ.

ನವೆಂಬರ್ 20

ಅಂಗಡಿ. ಎಂಟು ಅರ್ಜಿ. ಕರೆಂಟು ಹೋಗಿತ್ತು.

ನವೆಂಬರ್ 22

ಒಂದು ಚಿಕ್ಕ ತಿದ್ದುಪಡಿ ಇದೆ, ಈ ವಹಿಯನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಫೆಬ್ರವರಿಯಲ್ಲಿ ವೈನಿಯ ನೌಕರಿಯ ಅರ್ಜಿ ಟೈಪ್ ಮಾಡಿದವನು ನಾನೇ. ಅದರ ಹಿಂದಿನ ವಾರ ಬಾಗೇವಾಡಿ ಕಡೆಯ ಒಬ್ಬ ಹೆಣ್ಣುಮಗಳು ಇಂಥದೇ ಅರ್ಜಿ ಮಾಡಿಸಿಕೊಂಡು ಹೋಗಿದ್ದರು. ಅಂಗಡಿಯಲ್ಲಿ ನಾವು ಎಲ್ಲವನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಫೈಲು ತೆಗೆದು ಹೆಸರು ತಿದ್ದುತ್ತೇವೆ. ವೈನಿಯ ಹೆಸರು ತಿದ್ದಿದೆ. ತಾರೀಖು ತಿದ್ದಿದೆ. ಗಂಡನ ಹೆಸರಿನ ಜಾಗದಲ್ಲಿ ದಿವಂಗತ ಸಿದ್ದಲಿಂಗ ಎಂದು ಹೊಡೆದೆ. ಅದರ ಕೆಳಗಿನ ಸಾಲು ಕೋರುವ ಸ್ಥಳದ್ದು, ಆ ಹೆಣ್ಣುಮಗಳ ಬಾಗೇವಾಡಿ ಹಾಗೇ ಇತ್ತು. ಅದು ನನಗೆ ಕಾಣಲಿಲ್ಲ. ಕಣ್ಣೊರೆಸಿಕೊಂಡು ಪ್ರಿಂಟ್ ಒತ್ತಿದೆ. ನಾನು ಬರೆದದ್ದೆಂದು ವೈನಿ ಓದದೆ ಸಹಿ ಮಾಡಿದರು.

ಆದೇಶ ಬಂದ ದಿನ, ಅಂಗಳದಲ್ಲಿ ಭಾಷಣ ಮಾಡುವುದಕ್ಕಿಂತ ಮೊದಲೇ, ಆ ಫೈಲು ತೆರೆದು ನೋಡಿ ಬಂದಿದ್ದೆ.